ನೆಲಹಾಸು ಗುಲಾಬಿ: ಆರೈಕೆ ಎಲ್ಲಿ ಕಡಿಮೆ, ಎಲ್ಲಿ ಹೆಚ್ಚು

(ಬೆಂಗಳೂರಿನಲ್ಲಿ ಮನೆತೋಟದ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಗುಲಾಬಿ ಎಂದೊಡನೆ ನಮ್ಮಲ್ಲಿ ಬಹುತೇಕರ ಮನಸ್ಸಿಗೆ ಬರುವುದು ನೀಳವಾದ ತೊಟ್ಟಿನ ತುದಿಯಲ್ಲಿ ಒಂದೇ ದೊಡ್ಡ ಹೂವನ್ನು ಹೊತ್ತು ನಿಲ್ಲುವ ಹೈಬ್ರಿಡ್ ಟೀ ಗಿಡ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಜನ ನಿಂತು ನೋಡುವುದೂ, ಹೊಸೂರಿನ ಪಾಲಿಹೌಸ್‌ಗಳಿಂದ ಪೆಟ್ಟಿಗೆಗಳಲ್ಲಿ ಹೊರದೇಶಕ್ಕೆ ಹೋಗುವುದೂ ಅದೇ ವಂಶ. ಅದನ್ನು ಮನೆಯಂಗಳದಲ್ಲಿ ಸಾಕಿದವರಿಗೆ ಅದರ ಬೇಡಿಕೆಗಳು ಗೊತ್ತಿವೆ: ಹದಿನೈದು ದಿನಕ್ಕೊಮ್ಮೆ ಔಷಧಿ, ತಿಂಗಳಿಗೊಮ್ಮೆ ಗೊಬ್ಬರ, ಚಿಗುರೊಡೆಯುವ ಪ್ರತಿಯೊಂದು ಕಣ್ಣನ್ನೂ ನೋಡಿ ಮಾಡಬೇಕಾದ ಸವರುವಿಕೆ, ಇಷ್ಟೆಲ್ಲ ಮಾಡಿದ ಮೇಲೂ ಸೆಪ್ಟೆಂಬರ್ ಮಳೆಗೆ ಎಲೆಯುದುರಿ ಬೋಳು ಕಡ್ಡಿಯಾಗಿ ನಿಲ್ಲುವ ಅದರ ಸ್ವಭಾವ. ಆ ಬೇಸರದಲ್ಲಿ ಗುಲಾಬಿಯ ಸಹವಾಸವನ್ನೇ ಬಿಟ್ಟವರು ಈ ಸಭೆಯಲ್ಲಿಯೂ ಇರಬಹುದು. ಇಂದಿನ ಮಾತು ಮುಖ್ಯವಾಗಿ ಅವರಿಗಾಗಿ.

ನೆಲಹಾಸು ಗುಲಾಬಿ, ಅಂದರೆ ನರ್ಸರಿಯವರು ಗ್ರೌಂಡ್ ಕವರ್ ರೋಸ್ ಎನ್ನುವ ಗುಂಪು, ಎತ್ತರಕ್ಕಿಂತ ಅಗಲಕ್ಕೆ ಹೆಚ್ಚು ಬೆಳೆಯುವ ಗುಲಾಬಿಗಳ ಗುಂಪು. ಇವುಗಳ ಹೂ ಚಿಕ್ಕದು, ಆದರೆ ಗೊಂಚಲಾಗಿ ಬಿಡುತ್ತದೆ. ಎಲೆ ಸಣ್ಣದು, ಹೆಚ್ಚಿನವುಗಳಲ್ಲಿ ಹೊಳಪಿನದು. ಇವುಗಳಲ್ಲಿ ಎರಡು ನಡೆಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ರೆಂಬೆಗಳು ನೆಲಕ್ಕೆ ಒರಗಿ ತೆವಳುತ್ತ ಸಾಗಿ, ಮಣ್ಣು ತಾಗಿದ ಕಡೆಯೆಲ್ಲ ಬೇರು ಬಿಡುವ ನಡೆ. ಇನ್ನೊಂದು, ರೆಂಬೆಗಳು ಒಂದೂವರೆ ಎರಡು ಅಡಿ ಎತ್ತರಕ್ಕೆ ಎದ್ದು ಕಮಾನಿನಂತೆ ಸುತ್ತಲೂ ಬಾಗುವ ನಡೆ. ಅಂಗಡಿಯ ಚೀಟಿಯಲ್ಲಿ ಎರಡಕ್ಕೂ ಒಂದೇ ಹೆಸರಿರುತ್ತದೆ. ಇಳಿಜಾರಿನ ಮಣ್ಣನ್ನು ಹಿಡಿಯಬೇಕಾದವರಿಗೆ ಮೊದಲನೆಯದು ಬೇಕು. ಕಾಂಪೌಂಡಿನ ಪಕ್ಕದ ಪಾತಿಯನ್ನು ವರ್ಷವಿಡೀ ಹೂವಿನಿಂದ ತುಂಬಿಸಬೇಕೆನ್ನುವವರಿಗೆ ಎರಡನೆಯದು ಒಗ್ಗುತ್ತದೆ.

ಈ ಗುಂಪಿನ ಹುಟ್ಟನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ‘ಕಡಿಮೆ ಆರೈಕೆ’ ಎಂಬ ಮಾತು ಯಾವ ಊರಿನಲ್ಲಿ, ಯಾರ ಅಗತ್ಯಕ್ಕಾಗಿ ಹುಟ್ಟಿತು ಎಂಬುದನ್ನು ತಿಳಿಯದೆ ಅದು ನಮ್ಮ ಅಂಗಳಕ್ಕೆ ಎಷ್ಟು ಹೊಂದುತ್ತದೆ ಎಂದು ಅಳೆಯಲಾಗದು.

ಇವುಗಳಲ್ಲಿ ಬಹಳಷ್ಟಕ್ಕೆ ಮೂಲಪುರುಷನ ಸ್ಥಾನದಲ್ಲಿರುವುದು ಜಪಾನಿನ ಕಡಲತೀರದಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ ರೋಸಾ ವಿಚುರಾನಾ ಎಂಬ ಕಾಡುಗುಲಾಬಿ. ಹೊಳೆಯುವ ಎಲೆ, ಒಂದೇ ಸುತ್ತು ಎಸಳಿನ ಬಿಳಿಯ ಹೂ, ಗಿಣ್ಣುಗಿಣ್ಣಿಗೂ ಬೇರೂರುವ ಗುಣ ಇದರ ಆಸ್ತಿ. 1859ರಿಂದ 1862ರವರೆಗೆ ಪೂರ್ವ ಏಷ್ಯಾಕ್ಕೆ ಬಂದಿದ್ದ ಪ್ರಷ್ಯಾದ ಯಾತ್ರೆಯಲ್ಲಿದ್ದ ಸಸ್ಯಶಾಸ್ತ್ರಜ್ಞ ಮ್ಯಾಕ್ಸ್ ವಿಚುರಾನ ಹೆಸರನ್ನು ಇದಕ್ಕೆ ಇಡಲಾಯಿತು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಜೇಮ್ಸ್ ಬೌಡಿಚ್ ಎಂಬವರ ನರ್ಸರಿಯಿಂದ 1919ರಲ್ಲಿ ಹೊರಬಂದ ‘ಮ್ಯಾಕ್ಸ್ ಗ್ರಾಫ್’ ಈ ಗುಲಾಬಿಗೂ ಒರಟೆಲೆಯ ರುಗೋಸಾ ಗುಲಾಬಿಗೂ ಹುಟ್ಟಿದ ಸಂಕರ. ಅಲ್ಲಿನ ಮೇಸ್ತ್ರಿಯ ಹೆಸರನ್ನೇ ಗಿಡಕ್ಕೆ ಇಟ್ಟರು. ಅದು ನೆಲ ಮುಚ್ಚುವುದರಲ್ಲಿ ನಿಸ್ಸೀಮ, ಆದರೆ ಬೀಜ ಕಟ್ಟದ ಬಂಜೆ ಗಿಡ. ಜರ್ಮನಿಯ ವಿಲ್ಹೆಲ್ಮ್ ಕೊರ್ಡೆಸ್ ಅವರ ತೋಟದಲ್ಲಿ ಅದು ಅಪರೂಪಕ್ಕೆ ಕಟ್ಟಿದ ಬೀಜದಿಂದ ಒಂದು ಸಸಿ ಹುಟ್ಟಿತು, ಮತ್ತು ಅದರಲ್ಲಿ ವರ್ಣತಂತುಗಳ ಸಂಖ್ಯೆ 14ರ ಬದಲು ತಾನಾಗಿಯೇ ದುಪ್ಪಟ್ಟಾಗಿ 28 ಆಗಿತ್ತು. ತೋಟದ ದೊಡ್ಡ ಗುಲಾಬಿಗಳಲ್ಲಿಯೂ ಸಾಮಾನ್ಯವಾಗಿ 28 ವರ್ಣತಂತುಗಳೇ ಇರುವುದರಿಂದ ಈ ಹೊಸ ಗಿಡವನ್ನು ಅವುಗಳೊಂದಿಗೆ ಸಂಕರಗೊಳಿಸುವ ದಾರಿ ತೆರೆಯಿತು. ಕಾಡುಗುಲಾಬಿಯ ರೋಗನಿರೋಧಕ ಗುಣ ತೋಟದ ಗುಲಾಬಿಗಳಿಗೆ ಹರಿದದ್ದು ಬಹುಮಟ್ಟಿಗೆ ಈ ದಾರಿಯಲ್ಲಿ.

ಮತ್ತೊಂದು ಕಡೆಯಿಂದ, 1932ರಲ್ಲಿ ಇಂಗ್ಲೆಂಡಿನ ಬೆಂಟಾಲ್ ಕುಟುಂಬದ ತೋಟದಿಂದ ‘ದಿ ಫೇರಿ’ ಬಂತು. ನಸುಗೆಂಪು ಬಣ್ಣದ, ಬಟನ್ನಿನಷ್ಟು ಚಿಕ್ಕ ಹೂಗಳನ್ನು ಗೊಂಚಲುಗೊಂಚಲಾಗಿ ಮತ್ತೆ ಮತ್ತೆ ಬಿಡುವ ಈ ಪಾಲಿಯಾಂಥ ಗುಲಾಬಿಯನ್ನು ಆಗ ಯಾರೂ ನೆಲಹಾಸು ಎಂದು ಕರೆಯಲಿಲ್ಲ. ಇಂದು ಆ ಕೆಲಸಕ್ಕೆ ಇದಕ್ಕಿಂತ ನಂಬಿಕಸ್ಥ ಗಿಡಗಳು ಕೆಲವೇ ಇವೆ. 1968ರಲ್ಲಿ ಜಪಾನಿನ ಟೊರು ಒನೊಡೆರಾ ‘ನೊಝೊಮಿ’ಯನ್ನು ತಂದರು. ಜರ್ಮನಿಯ ವೆರ್ನರ್ ನೊವಾಕ್ 1980ರ ದಶಕದ ಕೊನೆಯಲ್ಲಿ ಹೊರತಂದ, ‘ಫ್ಲವರ್ ಕಾರ್ಪೆಟ್’ ಎಂಬ ಹೆಸರಿನಲ್ಲಿ ಗುಲಾಬಿ ಬಣ್ಣದ ಕುಂಡಗಳಲ್ಲಿ ಲೋಕವೆಲ್ಲ ಮಾರಾಟವಾದ ತಳಿ ಈ ಗುಂಪನ್ನು ಮನೆಮಾತಾಗಿಸಿತು. ಅದಕ್ಕೆ 1990ರಲ್ಲಿ ಜರ್ಮನಿಯ ಎಡಿಆರ್ ಮಾನ್ಯತೆಯೂ ದೊರೆಯಿತು. ಈ ಎಡಿಆರ್ ಪರೀಕ್ಷೆಯಲ್ಲಿ ಹೊಸ ಗುಲಾಬಿಗಳನ್ನು ಆ ದೇಶದ ಬೇರೆ ಬೇರೆ ಊರುಗಳಲ್ಲಿ ಹಲವು ವರ್ಷ ಬೆಳೆಸಿ ಅಂಕ ಕೊಡುತ್ತಾರೆ. 1997ರಿಂದ ಈಚೆಗೆ ಪರೀಕ್ಷೆಯ ಅವಧಿಯಲ್ಲಿ ಒಂದು ಹನಿ ಔಷಧಿಯನ್ನೂ ಸಿಂಪಡಿಸುವುದಿಲ್ಲ.

ಈ ಚರಿತ್ರೆಯಲ್ಲಿ ನಾವು ಗಮನಿಸಬೇಕಾದದ್ದು, ಇಂಥ ಗಿಡಗಳನ್ನು ಮುಖ್ಯವಾಗಿ ಕೇಳಿದವರು ಯುರೋಪಿನ ಪುರಸಭೆಗಳು ಎಂಬುದು. ಹೆದ್ದಾರಿಯ ಅಂಚು, ಉದ್ಯಾನದ ಏರಿ, ವಾಹನ ನಿಲ್ಲಿಸುವ ಜಾಗದ ಸುತ್ತ, ಕೂಲಿ ದುಬಾರಿಯಾದ ದೇಶದಲ್ಲಿ ವರ್ಷಕ್ಕೊಮ್ಮೆ ಯಂತ್ರದಿಂದ ಕತ್ತರಿಸಿ ಬಿಟ್ಟರೆ ಸಾಕು ಎನ್ನುವಂತಹ ಗಿಡ ಅವರಿಗೆ ಬೇಕಿತ್ತು. ಅಲ್ಲಿ ನಾಲ್ಕೈದು ತಿಂಗಳ ಚಳಿ ಗಿಡವನ್ನೂ ಕಳೆಯನ್ನೂ ಕೀಟವನ್ನೂ ಒಟ್ಟಿಗೆ ಮಲಗಿಸುತ್ತದೆ. ನಮ್ಮಲ್ಲಿ ಯಾವುದೂ ಮಲಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗುಲಾಬಿ ಹನ್ನೆರಡು ತಿಂಗಳೂ ಚಿಗುರುತ್ತದೆ. ಗರಿಕೆಯೂ ಚಿಗುರುತ್ತದೆ, ಜೇಕೂ ಚಿಗುರುತ್ತದೆ. ಆದುದರಿಂದ ಅಲ್ಲಿನ ಪುರಸಭೆಯ ಲೆಕ್ಕದ ‘ಕಡಿಮೆ ಆರೈಕೆ’ ನಮ್ಮಲ್ಲಿ ಗಿಡದೊಂದಿಗೆ ತಾನಾಗಿ ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ನೆಲಹಾಸು ಗುಲಾಬಿಯ ಆರೈಕೆ ಒಟ್ಟು ಮೊತ್ತದಲ್ಲಿ ಅಷ್ಟೇನೂ ಕಡಿಮೆಯಲ್ಲ. ಅದರ ಬಹುಪಾಲನ್ನು ನೆಡುವುದಕ್ಕೆ ಮುಂಚಿನ ಎರಡು ತಿಂಗಳಿಗೆ ಮತ್ತು ನೆಟ್ಟ ಮೊದಲ ವರ್ಷಕ್ಕೆ ಸೇರಿಸಿಕೊಂಡು ಬಿಡಬಹುದು ಎಂಬುದೇ ಅದರ ಲಾಭ. ಆ ಕಂತನ್ನು ಕಟ್ಟದೆ ಉಳಿದರೆ ಮುಂದಿನ ಹತ್ತು ವರ್ಷ ಮುಳ್ಳಿನ ನಡುವೆ ಕೈಯಿಟ್ಟು ಕಳೆ ಕೀಳುವುದೇ ಗತಿ.

ಮೊದಲು ತಳಿಯ ಆಯ್ಕೆಯನ್ನು ನೋಡೋಣ. ವರ್ಷಕ್ಕೆ ಒಂದೇ ಬಾರಿ, ಚಳಿ ಕಳೆದ ಮೇಲೆ ಹಳೆಯ ರೆಂಬೆಯ ಮೇಲೆ ಹೂ ಬಿಡುವ ‘ಮ್ಯಾಕ್ಸ್ ಗ್ರಾಫ್’, ‘ನೊಝೊಮಿ’ಗಳಂತಹ ತಳಿಗಳನ್ನು ನಮ್ಮ ಬಯಲುಸೀಮೆಯಲ್ಲಿ ನೆಚ್ಚುವಂತಿಲ್ಲ, ಅವುಗಳಿಗೆ ಬೇಕಾದ ಚಳಿ ಇಲ್ಲಿ ಇಲ್ಲ. ರುಗೋಸಾ ರಕ್ತ ಹೆಚ್ಚಿರುವ ತಳಿಗಳಿಗೆ ಸುಣ್ಣದ ಅಂಶವುಳ್ಳ ಮಣ್ಣೂ ಗಡಸು ನೀರೂ ಆಗುವುದಿಲ್ಲ, ಮತ್ತು ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದನ್ನು ನಿಮ್ಮ ಮನೆಯ ನಲ್ಲಿಯ ಬಾಯಿಗೆ ಕಟ್ಟಿದ ಬಿಳಿ ಪದರವೇ ಹೇಳುತ್ತದೆ. ಉಳಿಯುವುದು ಮರುಕಳಿಸಿ ಹೂ ಬಿಡುವ ಗುಂಪು: ‘ದಿ ಫೇರಿ’, 1964ರ ಬಿಳಿಯ ‘ಸೀ ಫೋಮ್’, ‘ಫ್ಲವರ್ ಕಾರ್ಪೆಟ್’ ಮಾಲೆಯ ಬಣ್ಣಗಳು, ಮೆಯ್ಲಾಂ ಸಂಸ್ಥೆಯ ‘ಡ್ರಿಫ್ಟ್’ ಮಾಲೆ. ಇವುಗಳ ಹೂ ಹೊಸ ಚಿಗುರಿನ ತುದಿಯಲ್ಲಿ ಬರುತ್ತದೆ, ಹೊಸ ಚಿಗುರಿಗೆ ನಮ್ಮಲ್ಲಿ ಬರವಿಲ್ಲ.

ಆದರೆ ಈ ಹೆಸರುಗಳನ್ನು ಹಿಡಿದು ನರ್ಸರಿಗೆ ಹೋದವರಿಗೆ ನಿರಾಸೆಯಾಗುವುದು ಸಹಜ. ನಮ್ಮಲ್ಲಿ ಸಾಮಾನ್ಯ ನರ್ಸರಿಗಳು ಗುಲಾಬಿಯನ್ನು ಬಣ್ಣ ಹೇಳಿ ಮಾರುತ್ತವೆ, ತಳಿ ಹೇಳಿ ಮಾರುವುದು ಅಪರೂಪ. ಬಟನ್ ಗುಲಾಬಿ ಎಂಬ ಹೆಸರಿನ ಅಡಿಯಲ್ಲಿ ಮಿನಿಯೇಚರ್, ಪಾಲಿಯಾಂಥ, ನೆಲಹಾಸು ಎಲ್ಲವೂ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಹಾಗಾಗಿ ಹೆಸರಿಗಿಂತ ಗಿಡದ ನಡೆಯನ್ನು ನೋಡುವುದು ಮೇಲು. ಕವರಿನಲ್ಲಿರುವ ಗಿಡದ ಉದ್ದನೆಯ ರೆಂಬೆಗಳು ಕವರಿನ ಅಂಚಿನಿಂದ ಹೊರಕ್ಕೆ ಬಾಗಿ ಇಳಿಯುತ್ತಿದ್ದರೆ, ಪ್ರತಿ ರೆಂಬೆಯ ಕೊನೆಯಲ್ಲಿ ಗೊಂಚಲು ಮೊಗ್ಗಿದ್ದರೆ, ಬುಡದ ಹತ್ತಿರದ ಹಳೆಯ ಎಲೆಗಳು ಕಪ್ಪು ಚುಕ್ಕೆಯಿಲ್ಲದೆ ಉಳಿದಿದ್ದರೆ ಅಂಥದನ್ನು ಎತ್ತಿಕೊಳ್ಳಿ. ಇದಕ್ಕೆ ತಕ್ಕ ಕಾಲ ಸೆಪ್ಟೆಂಬರ್, ಅಕ್ಟೋಬರ್. ಜನವರಿಯಲ್ಲಿ ಎಲ್ಲ ಗುಲಾಬಿಯೂ ಚೆಲುವೆಯೇ. ಮಳೆಯ ಕೊನೆಯಲ್ಲಿ ಎಲೆ ಉಳಿಸಿಕೊಂಡ ಗಿಡವೇ ಕಡಿಮೆ ಆರೈಕೆಯ ಗಿಡ.

ಎರಡನೆಯದಾಗಿ ನೋಡಬೇಕಾದ್ದು ಬುಡ. ಮಣ್ಣಿನ ಮಟ್ಟದಲ್ಲಿ ಗಂಟಿನಂತೆ ಉಬ್ಬಿದ್ದರೆ ಅದು ಕಸಿ ಗಿಡ. ನೇರವಾಗಿ ಮಣ್ಣಿನಿಂದ ಹಲವು ಕಡ್ಡಿಗಳು ಎದ್ದಿದ್ದರೆ ಅದು ಕಡ್ಡಿಯಿಂದಲೇ ಬೇರೂರಿಸಿದ, ಸ್ವಂತ ಬೇರಿನ ಗಿಡ. ನೆಲಹಾಸಿಗೆ ಸ್ವಂತ ಬೇರಿನದೇ ಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಕಸಿ ಗಿಡದ ಕೆಳಗಿನ ಕಾಡುಬೇರು ಒಂದಲ್ಲ ಒಂದು ದಿನ ತನ್ನದೇ ಚಿಗುರನ್ನು ಕಳುಹಿಸುತ್ತದೆ. ಎತ್ತರದ ಗಿಡದಲ್ಲಿ ಅದು ಕಣ್ಣಿಗೆ ಬೀಳುತ್ತದೆ, ನೆಲಹಾಸಿನ ಪೊದೆಯೊಳಗೆ ಅದು ಒಂದು ವರ್ಷ ಅಡಗಿ ಬೆಳೆದು ಮೂಲ ಗಿಡವನ್ನೇ ನುಂಗಿದ ಮೇಲೆ ತಿಳಿಯುತ್ತದೆ.

ಇಲ್ಲಿ ನಮ್ಮ ಮಾಲಿಗಳಲ್ಲಿ ಪ್ರಚಲಿತವಾದ ಒಂದು ಸೂತ್ರದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ‘ಐದೆಲೆ ಇದ್ದರೆ ಗುಲಾಬಿ, ಏಳೆಲೆ ಇದ್ದರೆ ಕಾಡು, ಕಿತ್ತು ಬಿಸಾಕು’ ಎಂಬುದು ಆ ಸೂತ್ರ. ಹೈಬ್ರಿಡ್ ಟೀ ಗಿಡಕ್ಕೆ ಅದು ಹೆಚ್ಚುಕಡಿಮೆ ಸರಿ. ಆದರೆ ನೆಲಹಾಸು ಗುಲಾಬಿಗಳ ಹಿರಿಯರಾದ ವಿಚುರಾನಾ ಮತ್ತು ಮಲ್ಟಿಫ್ಲೋರಾ ಎರಡಕ್ಕೂ ಏಳು, ಒಂಬತ್ತು ಕಿರುಎಲೆಗಳಿರುವುದರಿಂದ ಅವುಗಳ ಸಂತಾನದಲ್ಲಿಯೂ ಏಳೆಲೆ ಸಾಮಾನ್ಯ. ಸೂತ್ರವನ್ನು ನಂಬಿದ ಮಾಲಿ ಒಂದು ಬೆಳಗಿನಲ್ಲಿ ಇಡೀ ಪಾತಿಯ ಒಳ್ಳೆಯ ಚಿಗುರನ್ನೆಲ್ಲ ಶ್ರದ್ಧೆಯಿಂದ ಕಿತ್ತು ಹಾಕಬಲ್ಲ. ಎಲೆ ಎಣಿಸುವುದನ್ನು ಬಿಟ್ಟು ಚಿಗುರನ್ನು ಬುಡದವರೆಗೆ ಹಿಂಬಾಲಿಸಿ, ಅದು ಕಸಿ ಗಂಟಿನ ಮೇಲಿನಿಂದ ಹೊರಟಿದೆಯೋ ಕೆಳಗಿನಿಂದಲೋ ಎಂದು ನೋಡಬೇಕು. ಸ್ವಂತ ಬೇರಿನ ಗಿಡದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ಜಾಗ ಮತ್ತು ಮಣ್ಣು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಕಡೆ ಈ ಗಿಡವನ್ನು ನೆಡಬೇಡಿ. ಮೂವತ್ತು ನಲವತ್ತರ ಸೈಟಿನಲ್ಲಿ ಮೂರು ಅಂತಸ್ತಿನ ಎರಡು ಮನೆಗಳ ನಡುವೆ ಉಳಿದ ಓಣಿಯಲ್ಲಿ ಅಷ್ಟು ಬಿಸಿಲು ಸಿಗದು. ಅಲ್ಲಿಗೆ ಬೇರೆ ಗಿಡಗಳಿವೆ. ಮನೆಯ ಮುಂದಿನ ಪಾತಿ, ಗೇಟಿನ ಪಕ್ಕ, ತಡೆಗೋಡೆಯ ಮೇಲಂಚು, ಊರ ಹೊರಗಿನ ತೋಟದ ಮನೆಯ ಇಳಿಜಾರು, ಇವು ಅದರ ನಿಜವಾದ ಜಾಗಗಳು. ವಾರಕ್ಕೊಮ್ಮೆ ಮಾತ್ರ ಹೋಗಿ ಬರುವ ತೋಟದ ಮನೆಯವರಿಗೆ ಈ ಗುಂಪು ಹೇಳಿ ಮಾಡಿಸಿದಂತಿದೆ.

ಬೆಂಗಳೂರಿನ ಸುತ್ತಲಿನ ಕೆಂಪು ಮಣ್ಣು ಗುಲಾಬಿಗೆ ಒಳ್ಳೆಯದು: ನೀರು ಬಸಿಯುತ್ತದೆ, ಸ್ವಭಾವದಲ್ಲಿ ತುಸು ಹುಳಿ. ಆದರೆ ನಮ್ಮ ಅಂಗಳದಲ್ಲಿರುವುದು ಆ ಮಣ್ಣೇ ಎಂದುಕೊಳ್ಳುವಂತಿಲ್ಲ. ಮನೆ ಕಟ್ಟುವಾಗ ಮೇಲ್ಮಣ್ಣು ಎಂದೋ ಲಾರಿಯೇರಿ ಹೋಗಿರುತ್ತದೆ. ಉಳಿದದ್ದು ಪಾಯದಿಂದ ತೆಗೆದ ಅಡಿಮಣ್ಣು, ಅದರಲ್ಲಿ ಬೆರೆತ ಜಲ್ಲಿ, ಇಟ್ಟಿಗೆ ಚೂರು, ಗಾರೆಯವರು ಸಂಜೆ ತೊಳೆದು ಚೆಲ್ಲಿದ ಸಿಮೆಂಟಿನ ನೀರು. ಸಿಮೆಂಟು ಮಣ್ಣನ್ನು ಕ್ಷಾರವಾಗಿಸುತ್ತದೆ. ಕ್ಷಾರ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ಕರಗಿದ ರೂಪದಲ್ಲಿ ಸಿಗುವುದಿಲ್ಲ. ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುವುದು ಇದರ ಗುರುತು. ಇದನ್ನು ಕಂಡು ಗೊಬ್ಬರ ಸಾಲದೆಂದು ಯೂರಿಯಾ ಸುರಿಯುವವರಿದ್ದಾರೆ. ಅದರಿಂದ ಕಬ್ಬಿಣ ಸಿಗುವುದಿಲ್ಲ. ಚಿಗುರು ಮೆತ್ತಗಾಗಿ ಸಸ್ಯಹೇನಿಗೆ ಔತಣವಾಗುತ್ತದೆ.

ಆದ್ದರಿಂದ ಗಿಡಕ್ಕೊಂದು ಗುಂಡಿ ತೋಡುವ ಕ್ರಮವನ್ನು ಬಿಟ್ಟು ಇಡೀ ಪಾತಿಯನ್ನೇ ಒಂದೂವರೆ ಅಡಿ ಆಳಕ್ಕೆ ಅಗೆಯಬೇಕು. ಜಲ್ಲಿ, ಗಾರೆಯ ಹೆಂಟೆಗಳನ್ನು ಆರಿಸಿ ತೆಗೆದು, ಸಿಮೆಂಟು ಹೆಚ್ಚಿರುವ ಮಣ್ಣನ್ನು ಹೊರಹಾಕಿ, ಮೂರು ಅಂಗುಲ ದಪ್ಪದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೋ ಎರೆಗೊಬ್ಬರವನ್ನೋ ಹರಡಿ ಬೆರೆಸಬೇಕು. ಜೊತೆಗೆ ಗಿಡವೊಂದಕ್ಕೆ ಎರಡು ಹಿಡಿಯಷ್ಟು ಬೇವಿನ ಹಿಂಡಿ ಸೇರಿಸಿದರೆ ಗೆದ್ದಲಿಗೂ ತುಸು ತಡೆಯಾಗುತ್ತದೆ. ಕಳಿಯದ ಗೊಬ್ಬರ ಬೇಡವೇ ಬೇಡ. ಅದರೊಂದಿಗೆ ಬರುವ ಗೊಬ್ಬರದ ಹುಳು ಬೇರು ತಿನ್ನುತ್ತದೆ, ಕಳೆಯ ಬೀಜವೂ ಪುಕ್ಕಟೆ ಬರುತ್ತದೆ.

ಕಳೆಯ ವಿಷಯ ಬಂದಿತು; ಇಂದಿನ ಮಾತಿನ ತಿರುಳು ಇದೇ. ನೆಲಹಾಸು ಗುಲಾಬಿ ಕಳೆಯನ್ನು ಅಡಗಿಸುತ್ತದೆ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಬೀಜದಿಂದ ಹುಟ್ಟುವ ಕಳೆಯ ಮಟ್ಟಿಗೆ ಇದು ನಿಜ: ಎಲೆಯ ಹೊದಿಕೆ ದಟ್ಟವಾಗಿ ಬೆಳಕು ನೆಲಕ್ಕೆ ತಲುಪದಿದ್ದರೆ ಕಾಂಗ್ರೆಸ್ ಗಿಡದ ಬೀಜವಾಗಲಿ, ಹುಲ್ಲಿನ ಬೀಜವಾಗಲಿ ಮೇಲೇಳಲಾರವು. ಆದರೆ ಗುಲಾಬಿಯ ಹೊದಿಕೆ ಹುಲ್ಲುಹಾಸಿನಷ್ಟು ಬಿಗಿಯಲ್ಲ. ನೆಲದೊಳಗಿನ ಗಡ್ಡೆಯಿಂದ ಏಳುವ ಜೇಕು, ಗಿಣ್ಣುಬಳ್ಳಿಯಿಂದ ಹಬ್ಬುವ ಗರಿಕೆ ಇವೆರಡೂ ಗುಲಾಬಿಯ ರೆಂಬೆಗಳ ನಡುವೆ ಸಲೀಸಾಗಿ ತೂರಿ ಮೇಲೆ ಬರುತ್ತವೆ, ಮತ್ತು ಒಮ್ಮೆ ಮುಳ್ಳಿನ ರಕ್ಷಣೆ ಸಿಕ್ಕಿತೆಂದರೆ ಅವುಗಳನ್ನು ಕೀಳುವ ಶಕ್ತಿ ನಮ್ಮ ಕೈಗಿಲ್ಲ. ಆದುದರಿಂದ ನೆಡುವ ಮುನ್ನವೇ ಅವುಗಳ ಲೆಕ್ಕ ಮುಗಿಸಬೇಕು.

ಇದಕ್ಕೆ ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕವೇ ಅನುಕೂಲ. ಏಪ್ರಿಲ್ ನಡುವಿನ ಅಶ್ವಿನಿ, ಆಮೇಲಿನ ಭರಣಿ ಮಳೆಗೆ ಪಾತಿಯನ್ನು ಅಗೆದು ಬಿಟ್ಟರೆ ಇದ್ದಬದ್ದ ಗಡ್ಡೆಗಳೆಲ್ಲ ಚಿಗುರುತ್ತವೆ. ಚಿಗುರು ಕಂಡ ಕೂಡಲೇ ಹಾರೆಯಿಂದ ಮಣ್ಣೆತ್ತಿ ಗಡ್ಡೆ ಸಮೇತ ಆರಿಸಬೇಕು. ಮೇಲಿನ ಹುಲ್ಲನ್ನು ಮಾತ್ರ ಕಿತ್ತರೆ ಒಂದು ಗಡ್ಡೆಯ ಜಾಗದಲ್ಲಿ ನಾಲ್ಕು ಏಳುತ್ತವೆ. ಕೃತ್ತಿಕೆ ಮಳೆಗೆ ಮತ್ತೊಂದು ಸುತ್ತು, ರೋಹಿಣಿಯಲ್ಲಿ ಇನ್ನೊಂದು. ನಡುವಿನ ಬಿರುಬಿಸಿಲಿನ ವಾರಗಳಲ್ಲಿ ಒದ್ದೆ ಮಾಡಿದ ಪಾತಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿಟ್ಟರೆ ಮೇಲ್ಮಣ್ಣಿನ ಬೀಜಗಳು ಬೇಯುತ್ತವೆ. ಆಳದ ಜೇಕಿನ ಗಡ್ಡೆಗೆ ಮಾತ್ರ ಅದು ಸಾಲದು, ಕೈಯೇ ಬೇಕು. ಇದು ಬೇಸರದ ಕೆಲಸವೆಂದು ನಾನು ಒಪ್ಪುತ್ತೇನೆ. ಆದರೆ ಈ ಎರಡು ತಿಂಗಳ ಬೇಸರವನ್ನು ತಪ್ಪಿಸಿಕೊಂಡು ಯಶಸ್ವಿಯಾದ ನೆಲಹಾಸು ಪಾತಿಯನ್ನು ನಾನು ಇದುವರೆಗೆ ಕಂಡಿಲ್ಲ.

ಜೂನ್ ಎರಡನೆಯ ವಾರದಿಂದ, ಮೃಗಶಿರ, ಆರಿದ್ರೆ ಮಳೆಗಳ ಹೊತ್ತಿಗೆ ನೆಡುವುದು ಸೂಕ್ತ. ಅಂತರದ ಬಗ್ಗೆ ಜಿಪುಣತನ ಬೇಡ, ದುಂದೂ ಬೇಡ. ಮೂರು ಅಡಿ ಹರಡುವ ತಳಿಯನ್ನು ಎರಡು ಅಡಿಗೊಂದರಂತೆ ನೆಟ್ಟರೆ ಎರಡನೆಯ ಮಳೆಗಾಲದೊಳಗೆ ಒಂದಕ್ಕೊಂದು ಕೂಡುತ್ತವೆ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಪಾತಿಗೆ ಎರಡು ಸಾಲಿನಲ್ಲಿ 10 ಗಿಡ ಸಾಕು. ಸಾಲುಗಳನ್ನು ಎದುರುಬದುರಾಗಿ ಇಡದೆ ಒಂದರ ನಡುವಿಗೆ ಇನ್ನೊಂದು ಬರುವಂತೆ ನೆಡಬೇಕು. ಓಡಾಡುವ ದಾರಿಯಿಂದ ಗಿಡದ ಬುಡಕ್ಕೆ ಎರಡು ಅಡಿಯಾದರೂ ಇರಲಿ. ಇಲ್ಲವಾದರೆ ಮಕ್ಕಳ ಕಾಲಿಗೆ, ಸೀರೆಯ ಅಂಚಿಗೆ ಮುಳ್ಳು ಸಿಕ್ಕಿಕೊಂಡು ದಿನವೂ ಕತ್ತರಿಸುವ ಕೆಲಸ ಹುಟ್ಟುತ್ತದೆ.

ಕೂಡುವವರೆಗೆ ಬಯಲಾಗಿರುವ ಮಣ್ಣನ್ನು ಎರಡು ಮೂರು ಅಂಗುಲ ಒಣ ಎಲೆ, ಭತ್ತದ ಹುಲ್ಲು, ಕಬ್ಬಿನ ರವದಿ, ಚೂರು ಮಾಡಿದ ತೆಂಗಿನ ಸಿಪ್ಪೆ, ಇವುಗಳಲ್ಲಿ ಸಿಕ್ಕಿದ್ದರಿಂದ ಮುಚ್ಚಿಡಿ. ಗಿಡದ ಬುಡಕ್ಕೆ ಮಾತ್ರ ಅದು ತಾಗದಿರಲಿ. ಈ ಹೊದಿಕೆ ಕಳೆಯನ್ನೂ ಬಿಸಿಲನ್ನೂ ತಡೆಯುವುದರ ಜೊತೆಗೆ ಮಳೆಹನಿ ಮಣ್ಣಿಗೆ ಬಿದ್ದು ಎಲೆಗೆ ಸಿಡಿಯುವುದನ್ನೂ ತಡೆಯುತ್ತದೆ, ಇದು ರೋಗದ ದೃಷ್ಟಿಯಿಂದ ಮುಖ್ಯ. ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರಲ್ಲಿ ತೂತು ಮಾಡಿ ನೆಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನೆಲಕ್ಕೆ ತಾಗಿದ ರೆಂಬೆ ಬೇರೂರಿ ಹಬ್ಬುವುದೇ ಈ ಗಿಡದ ಶಕ್ತಿ. ಪ್ಲಾಸ್ಟಿಕ್ ಹಾಸಿದರೆ ಆ ಶಕ್ತಿಯನ್ನೇ ಕಟ್ಟಿಹಾಕಿದಂತೆ.

ನೀರಿನ ವಿಷಯ ಚಿಕ್ಕದು. ಮೊದಲ ಮೂರು ತಿಂಗಳು ಮಳೆಯಿಲ್ಲದಾಗ ವಾರಕ್ಕೆ ಎರಡು ಮೂರು ಬಾರಿ, ನಂತರ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಟ್ಟರೆ ಸಾಕು. ದಿನವೂ ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿದು ಮಾರ್ಚ್ ಬಿಸಿಲಿಗೆ ಗಿಡ ಸೊರಗುತ್ತದೆ. ಹನಿ ನೀರಾವರಿಯ ಪೈಪನ್ನು ನೆಡುವಾಗಲೇ ಹೊದಿಕೆಯ ಕೆಳಗೆ ಹಾಸಿಬಿಡಿ. ಗಿಡಗಳು ಕೂಡಿದ ಮೇಲೆ ಅದನ್ನು ಒಳಗೆ ತೂರಿಸಲು ಯಾರೂ ಒಪ್ಪುವುದಿಲ್ಲ.

ರೋಗಗಳಲ್ಲಿ ನಮ್ಮ ಮುಖ್ಯ ವೈರಿ ಕಪ್ಪು ಚುಕ್ಕೆ ರೋಗ. ಇದನ್ನು ತರುವ ಡಿಪ್ಲೊಕಾರ್ಪನ್ ರೋಸೆ ಎಂಬ ಶಿಲೀಂಧ್ರದ ಕಣಗಳು ಎಲೆಯೊಳಕ್ಕೆ ಇಳಿಯಬೇಕಾದರೆ ಎಲೆ ಸುಮಾರು ಏಳು ಗಂಟೆಗಳ ಕಾಲ ಸತತವಾಗಿ ಒದ್ದೆಯಾಗಿರಬೇಕು. ಸಂಜೆ ಪೈಪು ಹಿಡಿದು ಎಲೆಯ ಮೇಲೆ ನೀರು ಹಾಯಿಸಿದರೆ ನಾವೇ ಆ ಏಳು ಗಂಟೆಗಳನ್ನು ದಾನ ಮಾಡಿದಂತಾಗುತ್ತದೆ; ಬೆಳಿಗ್ಗೆ ಬುಡಕ್ಕೆ ಕೊಟ್ಟರೆ ರೋಗ ಅರ್ಧ ಸೋತಂತೆ. ಆದರೆ ಸೆಪ್ಟೆಂಬರ್, ಅಕ್ಟೋಬರಿನ ರಾತ್ರಿ ಮಳೆಯನ್ನು ನಾವು ತಡೆಯಲಾರೆವು. ಆ ದಿನಗಳಲ್ಲಿ ಒಳ್ಳೆಯ ತಳಿಯೂ ಕೆಳಗಿನ ಎಲೆಗಳನ್ನು ಕಳೆದುಕೊಳ್ಳುತ್ತದೆ. ಜರ್ಮನಿಯಲ್ಲಿ ಔಷಧಿಯಿಲ್ಲದೆ ಗೆದ್ದ ತಳಿ ಇಲ್ಲಿ ಅದೇ ರೀತಿ ಗೆಲ್ಲುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಏಕೆಂದರೆ ಈ ಶಿಲೀಂಧ್ರದಲ್ಲಿ ಹಲವು ಉಪಜಾತಿಗಳಿದ್ದು ಒಂದನ್ನು ತಡೆದ ಗಿಡ ಇನ್ನೊಂದಕ್ಕೆ ಶರಣಾಗಬಹುದು. ಗಿಡದ ಮೂರರಲ್ಲಿ ಒಂದು ಪಾಲು ಎಲೆ ಹೋದರೂ ಸುಮ್ಮನಿರಿ ಎಂಬುದು ನನ್ನ ಸಲಹೆ. ಬಿದ್ದ ಎಲೆಗಳನ್ನು ಗುಡಿಸಿ ತೆಗೆದು, ಮಳೆ ನಿಂತ ಮೇಲೆ ಸವರಿದರೆ ಹೊಸ ಚಿಗುರು ಚೊಕ್ಕಟವಾಗಿ ಬರುತ್ತದೆ. ಇಡೀ ಗಿಡ ಎರಡು ಮಳೆಗಾಲಗಳಲ್ಲಿಯೂ ಬೋಳಾದರೆ ಔಷಧಿ ಹುಡುಕುವ ಬದಲು ತಳಿಯನ್ನು ಬದಲಿಸಿ. ಕಡಿಮೆ ಆರೈಕೆ ಬಯಸುವವರು ಕರುಣೆಯನ್ನೂ ತುಸು ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ.

ಉಳಿದವುಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಬೂದಿ ರೋಗ ಬರಬಹುದು. ಹೊಳಪೆಲೆಯ ತಳಿಗಳಲ್ಲಿ ಅದು ಗಂಭೀರವಾಗುವುದು ಕಡಿಮೆ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಎಲೆಯ ಅಡಿಯಲ್ಲಿ ಕೆಂಪು ಜೇಡನುಸಿ ಕೂರುತ್ತದೆ. ಗೋಡೆಯ ಪಕ್ಕದ ಕಾವಿನಲ್ಲಿ ಇದರ ಹಾವಳಿ ಜಾಸ್ತಿ. ಬೆಳಗಿನ ಹೊತ್ತು ಎಲೆಯಡಿಗೆ ರಭಸವಾಗಿ ನೀರು ಹೊಡೆಯುವುದೇ ಅದಕ್ಕೆ ಮೊದಲ ಮದ್ದು. ಥ್ರಿಪ್ಸ್ ಎಂಬ ಪುಟ್ಟ ಕೀಟ ತಿಳಿಬಣ್ಣದ ಹೂಗಳ ಅಂಚನ್ನು ಕಂದಾಗಿಸುತ್ತದೆ. ಚಿಕ್ಕ ಹೂಗಳ ಗೊಂಚಲಿನಲ್ಲಿ ಅದು ಕಣ್ಣಿಗೆ ಹೊಡೆಯುವುದಿಲ್ಲ, ಬಿಟ್ಟುಬಿಡಿ.

ಸವರುವಿಕೆಯಲ್ಲಿ ಈ ಗುಂಪಿನ ನಿಜವಾದ ಉಪಕಾರ ಕಾಣುತ್ತದೆ. ಕಣ್ಣು ನೋಡಿ, ಓರೆಯಾಗಿ ಕತ್ತರಿಸಿ ಎಂಬ ಶಾಸ್ತ್ರ ಇಲ್ಲಿ ಬೇಡ. ಚಿತ್ತ, ಸ್ವಾತಿ ಮಳೆಗಳು ಕಳೆದು ಆಕಾಶ ತಿಳಿಯಾದ ಮೇಲೆ, ಅಂದರೆ ನವೆಂಬರ್ ಮೊದಲ ವಾರಗಳಲ್ಲಿ, ಬೇಲಿ ಕತ್ತರಿಸುವ ದೊಡ್ಡ ಕತ್ತರಿಯಿಂದ ಇಡೀ ಪಾತಿಯನ್ನು ಮೂರನೆಯ ಒಂದು ಭಾಗದಷ್ಟು ಒಂದೇ ಸಮನೆ ಇಳಿಸಿಬಿಡಿ. ಆರೇಳು ವಾರಗಳಲ್ಲಿ, ಜನವರಿ ಹತ್ತಿರವಾಗುವ ಹೊತ್ತಿಗೆ, ಪಾತಿ ಹೂವಿನಿಂದ ತುಂಬುತ್ತದೆ. ಮೂರು ವರ್ಷಕ್ಕೊಮ್ಮೆ ಮಾತ್ರ ದಪ್ಪ ಕೈಗವಸು ಹಾಕಿಕೊಂಡು, ಬೂದುಬಣ್ಣಕ್ಕೆ ತಿರುಗಿದ ಹಳೆಯ ಕಡ್ಡಿಗಳಲ್ಲಿ ಕೆಲವನ್ನು ಬುಡದಿಂದಲೇ ತೆಗೆದು ಒಳಗೆ ಗಾಳಿಯಾಡಲು ಬಿಡಬೇಕು. ಬಾಡಿದ ಹೂಗಳನ್ನು ಕಿತ್ತರೆ ಒಳ್ಳೆಯದು, ಕೀಳದಿದ್ದರೆ ಪ್ರಮಾದವಿಲ್ಲ. ಗೊಬ್ಬರ ವರ್ಷಕ್ಕೆ ಎರಡು ಬಾರಿ, ಸವರಿದ ಮೇಲೊಮ್ಮೆ, ಮುಂಗಾರಿನ ಆರಂಭದಲ್ಲೊಮ್ಮೆ ಕೊಟ್ಟರೆ ಸಾಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೆಂಗಳೂರು, ಮೈಸೂರು, ಹಾಸನ, ಕೋಲಾರದಂತಹ ಒಳನಾಡಿನ ಮಾತು. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ನಾಲ್ಕು ತಿಂಗಳ ಎಡೆಬಿಡದ ಮಳೆಯನ್ನು ಈ ತಳಿಗಳು ನೆಲದಲ್ಲಿ ತಾಳುವುದು ಕಷ್ಟ. ಅಲ್ಲಿಯವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಉತ್ತರ ಕರ್ನಾಟಕದ ಕಪ್ಪು ಮಣ್ಣಿನಲ್ಲಿ ಏರುಮಡಿ ಮಾಡಿ ನೀರು ಬಸಿಯುವಂತೆ ನೋಡಿಕೊಂಡರೆ ಬೆಳೆಯಬಹುದು, ಬೇಸಿಗೆಯಲ್ಲಿ ಹೂ ಮಾತ್ರ ಚಿಕ್ಕದಾಗಿ ಬೇಗ ಬಾಡುತ್ತದೆ. ಬೆಚ್ಚಗಿನ, ತೇವದ ನಾಡುಗಳಿಗೆಂದೇ ಗುಲಾಬಿ ರೂಪಿಸುವ ಕೆಲಸವೂ ನಡೆದಿದೆ. ಹಿಂದೆ ಐಎಎಸ್ ಅಧಿಕಾರಿಯಾಗಿದ್ದ ಎಂ.ಎಸ್. ವೀರರಾಘವನ್ ಮತ್ತು ಅವರ ಪತ್ನಿ ಗಿರಿಜಾ ಕೊಡೈಕನಾಲಿನಲ್ಲಿ ನಮ್ಮದೇ ದೇಶದ ರೋಸಾ ಕ್ಲೈನೊಫಿಲ್ಲಾ ಎಂಬ ಕಾಡುಗುಲಾಬಿಯನ್ನು ಬಳಸಿ ಹಲವು ತಳಿಗಳನ್ನು ಸೃಷ್ಟಿಸಿದ್ದಾರೆ. ಆ ಕಾಡುಗುಲಾಬಿ ಬಂಗಾಳ, ಬಿಹಾರದ ಬಿಸಿ ಬಯಲಿನಲ್ಲಿ ನೀರಿನಂಚಿಗೆ ಬೆಳೆಯುವಂಥದು. ಯುರೋಪಿನ ಪುರಸಭೆಗಳ ಬದಲು ನಮ್ಮ ಅಂಗಳವನ್ನು ಮನಸ್ಸಿನಲ್ಲಿಟ್ಟುಕೊಂಡ ನೆಲಹಾಸು ಗುಲಾಬಿ ಮುಂದೆ ಬರುವುದಾದರೆ ಆ ದಿಕ್ಕಿನಿಂದ ಬರಬೇಕು ಎಂದು ನನ್ನ ಅನಿಸಿಕೆ.

ಗಿಡ ಹೆಚ್ಚಿಸಿಕೊಳ್ಳುವುದು ಸುಲಭ. ತೆವಳುವ ತಳಿಯಾದರೆ ಮಳೆಗಾಲದಲ್ಲಿ ಒಂದು ರೆಂಬೆಯ ಅಡಿಭಾಗವನ್ನು ತುಸು ಕೆರೆದು, ಮಣ್ಣಿಗೆ ಒತ್ತಿ, ಮೇಲೊಂದು ಕಲ್ಲಿಟ್ಟರೆ ಎರಡು ಮೂರು ತಿಂಗಳಲ್ಲಿ ಬೇರು ಬಂದಿರುತ್ತದೆ. ತಾಯಿಗಿಡದಿಂದ ಕತ್ತರಿಸಿ ಬೇರೆಡೆ ನೆಡಬಹುದು. ಬಾಗುವ ತಳಿಗಳಲ್ಲಿ ಹೂ ಮುಗಿದ ರೆಂಬೆಯಿಂದ ಆರು ಅಂಗುಲದ, ಮೂರು ನಾಲ್ಕು ಗಿಣ್ಣಿನ ಕಡ್ಡಿ ತೆಗೆದು ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ನೆರಳಿನಲ್ಲಿ ಇಟ್ಟರೆ ಆಗುತ್ತದೆ. ಹೊಸ ತಳಿಗಳಿಗೆ ತಳಿಗಾರರ ಹಕ್ಕು ಇರಬಹುದಾದ್ದರಿಂದ ಹೀಗೆ ಮಾಡಿದ ಗಿಡಗಳನ್ನು ಮಾರಾಟಕ್ಕೆ ಇಳಿಸುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ‘ಇಷ್ಟು ದಟ್ಟವಾದ ಪೊದೆಯಲ್ಲಿ ಇಲಿ, ಹಾವು ಸೇರಿಕೊಳ್ಳುವುದಿಲ್ಲವೇ ಸಾರ್?’ ಎಂದು ಒ‌ಬ್ಬ ತಾಯಿ ಕೇಳಿದರು. ಇಲಿ ಸೇರಬಹುದು, ಇಲಿಯ ಹಿಂದೆ ಹಾವೂ ಬರಬಹುದು. ಹಾಗಾಗಿ ಬಾಗಿಲು, ಮೆಟ್ಟಿಲು, ಮಕ್ಕಳು ಆಡುವ ಜಾಗ ಇವುಗಳಿಗೆ ಅಂಟಿಕೊಂಡಂತೆ ಇದನ್ನು ನೆಡಬಾರದು. ಪಾತಿಯ ಹತ್ತಿರ ಅಡುಗೆಮನೆಯ ಕಸ ಹಾಕಬಾರದು. ವರ್ಷದ ಸವರುವಿಕೆಯಲ್ಲಿ ಬುಡದ ಅರ್ಧ ಅಡಿಯನ್ನು ಗಾಳಿ ಬೆಳಕು ಆಡುವಂತೆ ಬಿಡಿಸಬೇಕು.

ಇನ್ನೊಬ್ಬರದು ತಾರಸಿಯ ಪ್ರಶ್ನೆ: ಕುಂಡದಲ್ಲಿ ಬೆಳೆಯಬಹುದೇ? ಬೆಳೆಯಬಹುದು, ಹದಿನಾಲ್ಕು ಅಂಗುಲದ ಕುಂಡದ ಅಂಚಿನಿಂದ ಇಳಿಬಿದ್ದ ‘ದಿ ಫೇರಿ’ ನೋಡಲು ಸೊಗಸಾಗಿಯೂ ಇರುತ್ತದೆ. ಆದರೆ ಕುಂಡದಲ್ಲಿ ಬೇರಿಗೆ ಹರಡುವ ಜಾಗವಿಲ್ಲ, ರೆಂಬೆಗೆ ಬೇರೂರುವ ನೆಲವಿಲ್ಲ; ಏಪ್ರಿಲ್ ತಿಂಗಳಲ್ಲಿ ಕಾದ ಕಾಂಕ್ರೀಟಿನ ಮೇಲೆ ಅದಕ್ಕೆ ದಿನವೂ ನೀರು ಬೇಕು, ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಿಸಬೇಕು. ಅಲ್ಲಿ ಅದು ಬೇರೆ ಯಾವುದೇ ಕುಂಡದ ಗುಲಾಬಿಯಷ್ಟೇ ಕೆಲಸ ಕೇಳುತ್ತದೆ ಎಂಬುದನ್ನು ತಿಳಿದುಕೊಂಡು ಬೆಳೆಸುವುದಾದರೆ ನನ್ನ ಅಡ್ಡಿಯಿಲ್ಲ.